ವಜ್ರಕ್ಕೆ ಭೂತಗನ್ನಡಿ, ಇಮೇಲಿಗೆ ಬರಿಗಣ್ಣು

ಸೂರತ್ತಿನ ಮಹಿಧರಪುರದ ಹೀರಾ ಬಜಾರಿನಲ್ಲಿ ವ್ಯಾಪಾರ ನಡೆಯುವುದು ಬೀದಿಯಲ್ಲೇ. ನಿಲ್ಲಿಸಿದ ಸ್ಕೂಟರಿನ ಸೀಟೇ ಮೇಜು. ದಲಾಲ ಅಂಗಿಯ ಒಳಜೇಬಿನಿಂದ ಬಿಳಿ ಕಾಗದದ ಪೊಟ್ಟಣ ತೆಗೆದು ಬಿಚ್ಚುತ್ತಾನೆ. ಕೊಳ್ಳುವವನು ಚಿಮಟದಲ್ಲಿ ಒಂದು ಕಲ್ಲನ್ನೆತ್ತಿ, ಪುಟ್ಟ ಭೂತಗನ್ನಡಿಯನ್ನು ಕಣ್ಣಿಗೊತ್ತಿಕೊಂಡು ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡುತ್ತಾನೆ. ಇಪ್ಪತ್ತು ವರ್ಷದ ಪರಿಚಯದವನು ಕೊಟ್ಟ ಕಲ್ಲಾದರೂ ನೋಡದೆ ಮಾತಿಲ್ಲ, ನೋಡಿದರೆ ಕೊಟ್ಟವನಿಗೆ ಬೇಸರವೂ ಇಲ್ಲ. ಇದೇ ಮನುಷ್ಯ ಆಫೀಸಿಗೆ ಬಂದು ಕೂತಾಗ ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಇಲ್ಲಿಗೆ ಹಾಕಿ’ ಎಂಬ ಇಮೇಲನ್ನು ಮೊಬೈಲಿನಲ್ಲೇ ಓದಿ, ಹೂಂ ಅಂತ ಅಕೌಂಟೆಂಟಿಗೆ ತಳ್ಳಿಬಿಡುತ್ತಾನೆ.

ವಡೋದರಾದಲ್ಲಿ ಇದ್ದಷ್ಟು ವರ್ಷ, ಆಚೆ ಅಹಮದಾಬಾದಿಗೂ ಈಚೆ ಸೂರತ್ತಿಗೂ ಓಡಾಡುತ್ತಿದ್ದ ನನಗೆ ಎಲ್ಲ ಕಡೆ ಕೇಳಿಬಂದ ಮಾತು ಒಂದೇ: ‘ಇಂಥ ಮೋಸದ ಇಮೇಲಿಗೆ ಬೀಳೋರು ದಡ್ಡರು, ಇಲ್ಲಾ ದುರಾಸೆಯವರು.’ ಊರಿಗೆ ಬಂದಾಗ ನಮ್ಮವರೂ ಅದನ್ನೇ ಹೇಳುತ್ತಾರೆ.

ಹಾಗಾದರೆ ಓಎನ್‌ಜಿಸಿಯನ್ನು ಏನೆನ್ನೋಣ? ಸೂರತ್ತಿನ ಪಕ್ಕದ ಹಜೀರಾದಲ್ಲಿ ದೊಡ್ಡ ಸ್ಥಾವರವಿಟ್ಟುಕೊಂಡು ನಾಫ್ತಾ ತಯಾರಿಸುವ ಕಂಪನಿ ಅದು. 2015ರಲ್ಲಿ ಸೌದಿಯ ಅರಾಮ್ಕೊಗೆ 36,000 ಟನ್ ನಾಫ್ತಾ ಮಾರಿತು. ಬೆಲೆ ಸುಮಾರು 100 ಕೋಟಿ ರೂಪಾಯಿ. ಸರಕು ಹೋಯಿತು, ಹಣ ಬರಲಿಲ್ಲ. ವಿಚಾರಿಸಿದರೆ ಆ ಕಡೆಯವರು ಹಣ ಕಳಿಸಿಯಾಗಿತ್ತು, ಆದರೆ ಬೇರೆ ಯಾರದೋ ಖಾತೆಗೆ. ಓಎನ್‌ಜಿಸಿ ಅಧಿಕಾರಿಯ ಇಮೇಲ್ ವಿಳಾಸದ ಪಡಿಯಚ್ಚಿನಂಥ ಇನ್ನೊಂದು ವಿಳಾಸವನ್ನು ವಂಚಕರು ಮಾಡಿಕೊಂಡಿದ್ದರು. ವ್ಯತ್ಯಾಸ ಇಷ್ಟೇ: ‘ಎನ್’ ಮತ್ತು ‘ಜಿ’ ಜಾಗ ಬದಲಾಯಿಸಿ, ಓಎನ್‌ಜಿಸಿ ಹೋಗಿ ಓಜಿಎನ್‌ಸಿ ಆಗಿತ್ತು. ಮುಂಬೈ ಸೈಬರ್ ಪೊಲೀಸರಿಗೆ ದೂರು ಹೋಯಿತು. ಇದರಲ್ಲಿ ಲಾಟರಿ ಎಲ್ಲಿದೆ, ದುರಾಸೆ ಎಲ್ಲಿದೆ? ಕೊಡಬೇಕಾದ ಹಣವನ್ನು ಹೊತ್ತಿಗೆ ಸರಿಯಾಗಿ ಕೊಡಲು ಹೊರಟವರು ಅರಾಮ್ಕೊದವರು.

‘ತಪ್ಪು ಇಂಗ್ಲಿಷ್ ಇರುತ್ತೆ, ನೋಡಿದ ಕೂಡಲೇ ಗೊತ್ತಾಗುತ್ತೆ’ ಎನ್ನುವವರು ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನೋಡಬೇಕು. ಮೊದಲು ಒಂದು ನಕಲಿ ಲಾಗಿನ್ ಪುಟ ತೋರಿಸಿ ಮಾರುವವರು, ಕೊಳ್ಳುವವರು ಇಬ್ಬರಲ್ಲಿ ಒಬ್ಬರ ಪಾಸ್‌ವರ್ಡ್ ಎಗರಿಸುತ್ತಾರೆ. ಆಮೇಲೆ ವಾರಗಟ್ಟಲೆ ಸುಮ್ಮನೆ ಕೂತು ಓದುತ್ತಾರೆ: ಯಾರು ಯಾರಿಗೆ ‘ಭಾಯ್’ ಅನ್ನುತ್ತಾರೆ, ಬಿಲ್ಲಿನ ನಮೂನೆ ಹೇಗಿದೆ, ಕಂತು ಯಾವ ದಿನ. ಹಣ ಪಾವತಿಯ ಹಿಂದಿನ ದಿನ, ಅದೇ ಧಾಟಿಯಲ್ಲಿ, ಅದೇ ಹಳೆಯ ಪತ್ರಗಳ ಸರಣಿಯ ಕೆಳಗೆ, ಹೊಸ ಖಾತೆಯ ನಂಬರಿನ ಉತ್ತರ ಬರುತ್ತದೆ. ಭಾಷೆ ತಪ್ಪಲು ಸಾಧ್ಯವೇ ಇಲ್ಲ, ಏಕೆಂದರೆ ಅದು ನಿಮ್ಮದೇ ಭಾಷೆ. ಅನುಮಾನ ಬಂದು ‘ಹೌದಾ?’ ಎಂದು ಉತ್ತರಿಸಿದರೆ ಆ ಪ್ರಶ್ನೆಯೂ ಅವರ ಕೈಗೇ ಹೋಗುತ್ತದೆ. ಹಾಗಾಗಿ ಖಾತೆ ಬದಲಾವಣೆಯ ಮಾತು ಬಂದರೆ, ಆ ಇಮೇಲಿನಲ್ಲಿರುವ ನಂಬರನ್ನು ಬಿಟ್ಟು, ಹಳೆಯ ಡೈರಿಯಲ್ಲಿರುವ ನಂಬರಿಗೆ ಫೋನ್ ಹಚ್ಚಬೇಕು. ಇನ್ನೊಂದು, ಹೆಚ್ಚಿನವರು ಮರೆಯುವುದು: ಒಳಗೆ ಹೊಕ್ಕವನು ನಿಮ್ಮ ಪತ್ರಗಳೆಲ್ಲ ತನಗೂ ಹೋಗುವಂತೆ ಸೆಟ್ಟಿಂಗ್ಸ್‌ನಲ್ಲಿ ಒಂದು ಫಾರ್ವರ್ಡ್ ನಿಯಮ ಹಾಕಿಟ್ಟಿರಬಹುದು. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಅದು ಅಳಿಯುವುದಿಲ್ಲ. ಹುಡುಕಿ ತೆಗೆಯಬೇಕು.

ಅಹಮದಾಬಾದಿನ ಕಥೆ ಇದರ ಇನ್ನೊಂದು ಮಗ್ಗುಲು. ‘ಇವರೆಲ್ಲ ಯಾವುದೋ ಹಳ್ಳಿಯ ಮರದಡಿ ಕೂತ ಪುಂಡ ಹುಡುಗರು’ ಎಂಬ ಚಿತ್ರ ನಮ್ಮ ತಲೆಯಲ್ಲಿದೆ. 2016ರ ಅಕ್ಟೋಬರಿನಲ್ಲಿ ಅಮೆರಿಕದ ನ್ಯಾಯ ಇಲಾಖೆ ಹೊರಗಿಟ್ಟ ಆರೋಪಪಟ್ಟಿಯಲ್ಲಿ 56 ಮಂದಿಯ ಜೊತೆ ಅಹಮದಾಬಾದಿನ ಐದು ಕಾಲ್ ಸೆಂಟರುಗಳಿದ್ದವು. ಅಲ್ಲಿಂದ ಫೋನ್ ಮಾಡಿ ‘ನಾವು ತೆರಿಗೆ ಇಲಾಖೆಯವರು, ಕಟ್ಟದಿದ್ದರೆ ಪೊಲೀಸರು ಬರುತ್ತಾರೆ’ ಎಂದು ಅಮೆರಿಕನ್ನರನ್ನು ಹೆದರಿಸಿ, ಪ್ರೀಪೇಯ್ಡ್ ಕಾರ್ಡಿನ ಮೂಲಕವೆಲ್ಲ ‘ತೆರಿಗೆ’ ವಸೂಲು ಮಾಡುತ್ತಿದ್ದರು. ಓದಿಕೊಂಡು ಹೇಳಲು ಬರೆದಿಟ್ಟ ಸಂಭಾಷಣೆ, ಶಿಫ್ಟು, ಎಲ್ಲ ಒಂದು ಆಫೀಸಿನಂತೆಯೇ. 2018ರಲ್ಲಿ ಹ್ಯೂಸ್ಟನ್ನಿನ ನ್ಯಾಯಾಲಯ ಕೆಲವರಿಗೆ 20 ವರ್ಷದವರೆಗೆ ಶಿಕ್ಷೆ ಕೊಟ್ಟಿತು. ಆಗ ಆ ದೇಶದವರ ಪೆದ್ದುತನಕ್ಕೆ ನಕ್ಕವರು ನಮ್ಮಲ್ಲೂ ಇದ್ದರು. ಈಗ ಅದೇ ನಾಟಕ ‘ಡಿಜಿಟಲ್ ಅರೆಸ್ಟ್’ ಎಂಬ ಹೆಸರಿನಲ್ಲಿ ನಮ್ಮ ಮನೆಯಲ್ಲೇ ನಡೆಯುತ್ತಿದೆ. 2024ರ ಅಕ್ಟೋಬರ್ 27ರ ‘ಮನ್ ಕೀ ಬಾತ್’ನಲ್ಲಿ ಪ್ರಧಾನಿ ಕೇಳಿಸಿದ ಇಂಥ ಕರೆಯ ಧ್ವನಿಮುದ್ರಿಕೆ ವಿಜಯಪುರದ ಒಬ್ಬರದು. ವಿಡಿಯೋ ಕಾಲಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ. ಇದಕ್ಕಿಂತ ಹೆಚ್ಚು ವಿವರಣೆ ಅದಕ್ಕೆ ಬೇಕಿಲ್ಲ.

ನಾನೂ ಬೀಳುವವನಿದ್ದೆ. ಜುಲೈ ಕೊನೆಯ ವಾರ, ತೆರಿಗೆ ರಿಟರ್ನ್ ಆಗಷ್ಟೇ ಸಲ್ಲಿಸಿದ್ದೆ. ವಡೋದರಾದ ಬೀದಿಯೊಂದರಲ್ಲಿ ಸೇವ್ ಉಸಲ್ ತಟ್ಟೆ ಹಿಡಿದು ನಿಂತಿದ್ದಾಗ ‘ನಿಮ್ಮ ರೀಫಂಡ್ ಮಂಜೂರಾಗಿದೆ’ ಎಂಬ ಇಮೇಲ್. ಕಾಯುತ್ತಿದ್ದ ಹಣ ತಾನೇ! ಒಂದು ಕೈಯಲ್ಲಿ ತಟ್ಟೆ, ಇನ್ನೊಂದರ ಹೆಬ್ಬೆರಳಿನಲ್ಲೇ ಕಾರ್ಡಿನ ನಂಬರು, ಹಿಂದಿನ ಮೂರಂಕಿ, ಎಲ್ಲ ತುಂಬಿದೆ. ಓಟಿಪಿ ಬಂತು. ಅಂಕಿಯನ್ನಷ್ಟೇ ನೋಡಿ ಒತ್ತುವುದು ನನ್ನ ರೂಢಿ. ಅಂದು ಮೊಬೈಲಿನ ಗಾಜಿಗೆ ಖಾರದ ರಸ ಸಿಡಿದಿತ್ತು, ಒರೆಸುತ್ತಾ ಪೂರ್ತಿ ಓದಿದೆ: ‘24,999 ರೂಪಾಯಿ ಪಾವತಿಗೆ’ ಅಂತಿತ್ತು. ನನಗೆ ಬರಬೇಕಾದ ಹಣಕ್ಕೆ ನಾನೇಕೆ ಪಾವತಿ ಮಾಡಲಿ? ತಟ್ಟೆ ಕೆಳಗಿಟ್ಟೆ.

ಓಟಿಪಿ ಕೊಡಲಿಲ್ಲವಲ್ಲ, ಬದುಕಿದೆ ಎಂದುಕೊಂಡು ಮನೆಗೆ ಹೋದೆ. ಅದೇ ಎರಡನೇ ತಪ್ಪು ಕಲ್ಪನೆ ಎಂದು ಹೇಳಿದ್ದು ಪಕ್ಕದ ಮನೆಯ ಬೆಹನ್, ಬ್ಯಾಂಕಿನಿಂದ ನಿವೃತ್ತರಾದವರು. ವಿದೇಶಿ ಜಾಲತಾಣಗಳಲ್ಲಿ ಎಷ್ಟೋ ಕಡೆ ಕಾರ್ಡಿನ ವಿವರವೊಂದಿದ್ದರೆ ಸಾಕು, ಓಟಿಪಿ ಕೇಳುವುದೇ ಇಲ್ಲ. ಅವರೆದುರೇ ಕೂತು ಕಾರ್ಡ್ ಬ್ಲಾಕ್ ಮಾಡಿಸಿದೆ. 2020ರ ಅಕ್ಟೋಬರಿನಿಂದ ರಿಸರ್ವ್ ಬ್ಯಾಂಕಿನ ನಿಯಮದಂತೆ ಆನ್‌ಲೈನ್ ಬಳಕೆಯನ್ನೂ ವಿದೇಶಿ ಬಳಕೆಯನ್ನೂ ನಾವೇ ಆ್ಯಪಿನಲ್ಲಿ ದೀಪದಂತೆ ಆರಿಸಿಡಬಹುದು. ಹೊಸ ಕಾರ್ಡಿನಲ್ಲಿ ನಾನು ಅವೆರಡನ್ನೂ ಆರಿಸಿಯೇ ಇಟ್ಟಿದ್ದೇನೆ. ಬೇಕಾದಾಗ ಐದು ನಿಮಿಷ ಹೊತ್ತಿಸುತ್ತೇನೆ.

ಆ ನಕಲಿ ಪುಟದ ಮೇಲೆ ಬೀಗದ ಗುರುತೂ ಇತ್ತು. ಬೀಗ ಹೇಳುವುದು ನೀವು ಕಳಿಸಿದ್ದನ್ನು ದಾರಿಯಲ್ಲಿ ಯಾರೂ ಓದಲಾರರು ಎಂದಷ್ಟೇ. ತಲುಪುವ ಮನೆ ಕಳ್ಳನದಾದರೆ ಬೀಗವೇನು ಮಾಡೀತು? ಜನ ಇದನ್ನು ತಪ್ಪಾಗಿ ತಿಳಿಯುತ್ತಾರೆಂದೇ ಕ್ರೋಮ್ 2023ರಲ್ಲಿ ಆ ಗುರುತನ್ನು ತೆಗೆದುಹಾಕಿತು. ಬ್ಯಾಂಕುಗಳ ಮಟ್ಟಿಗೆ ಈಗ ಒಂದು ಒಳ್ಳೆಯ ಗುರುತಿದೆ: 2025ರ ಅಕ್ಟೋಬರ್ 31ರೊಳಗೆ ವಿಳಾಸದ ಕೊನೆಯನ್ನು ‘ಡಾಟ್ ಬ್ಯಾಂಕ್ ಡಾಟ್ ಇನ್’ಗೆ ಬದಲಿಸಿಕೊಳ್ಳುವಂತೆ ರಿಸರ್ವ್ ಬ್ಯಾಂಕ್ ಅವಕ್ಕೆ ಹೇಳಿತ್ತು. ಆ ಬಾಲ ಬ್ಯಾಂಕಲ್ಲದವರಿಗೆ ಸಿಗದು. ವಿಳಾಸ ಓದುವಾಗ ತಲೆಗಿಂತ ಬಾಲ ನೋಡಬೇಕು.

ಉಳಿದದ್ದು ‘ಹೋದ ಹಣ ಹೋಯ್ತು, ದೂರು ಕೊಟ್ಟೇನು ಫಲ’ ಎಂಬುದು. ಹಣ ನೇರವಾಗಿ ಕಳ್ಳನ ಕೈಸೇರುವುದಿಲ್ಲ. ಕಮಿಷನ್ ಆಸೆಗೆ ಖಾತೆ ಬಾಡಿಗೆಗೆ ಕೊಟ್ಟವರ ಪಾಸ್‌ಬುಕ್ಕುಗಳನ್ನು ದಾಟಿ ಹೋಗುತ್ತದೆ. (ಬಾಡಿಗೆಗೆ ಕೊಟ್ಟವನೂ ಆರೋಪಿಯೇ. ‘ನನ್ನದೇನು, ಬರೀ ಖಾತೆ’ ಎನ್ನುವ ಕಾಲೇಜು ಹುಡುಗರು ಇದನ್ನು ಕೇಳಿಸಿಕೊಳ್ಳಲಿ.) ಆ ದಾರಿಯಲ್ಲೆಲ್ಲಾದರೂ ಹಣ ಇನ್ನೂ ನಿಂತಿದ್ದರೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಮಾಡಿದ ಕರೆ ಅದನ್ನು ಅಲ್ಲೇ ತಡೆಯಬಲ್ಲದು. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ ಹೇಳುವಂತೆ, ತಪ್ಪು ನಿಮ್ಮದೂ ಬ್ಯಾಂಕಿನದೂ ಅಲ್ಲದ ವಂಚನೆಯನ್ನು ಮೂರು ಕೆಲಸದ ದಿನದೊಳಗೆ ಬ್ಯಾಂಕಿಗೆ ತಿಳಿಸಿದರೆ ನಷ್ಟ ನಿಮ್ಮ ಮೇಲಿಲ್ಲ. ಪಾಸ್‌ವರ್ಡ್ ನೀವೇ ಕೊಟ್ಟಿದ್ದರೆ ತಿಳಿಸುವವರೆಗಿನದು ನಿಮ್ಮ ತಲೆಗೆ, ತಿಳಿಸಿದ ಮೇಲಿನದು ಬ್ಯಾಂಕಿನ ತಲೆಗೆ. ಕರೆ ಮಾಡುವಾಗ ವಹಿವಾಟಿನ ನಂಬರು, ಮೊತ್ತ, ಸಮಯ ಕೈಯಲ್ಲಿರಲಿ. ಬ್ಯಾಂಕಿನವರು ‘ಆಯ್ತು, ನೋಡ್ತೀವಿ’ ಎಂದರೆ ಫೋನ್ ಇಡಬೇಡಿ, ದೂರಿನ ಸಂಖ್ಯೆ ಕೇಳಿ ಬರೆದುಕೊಳ್ಳಿ. ಯಾವ ದಿನ ತಿಳಿಸಿದಿರಿ ಎಂಬ ಪ್ರಶ್ನೆ ಮುಂದೆ ಎದ್ದರೆ ತೋರಿಸಲು ಅದೊಂದೇ ಇರುತ್ತದೆ.