ಕೆನ್ನೀಲಿ ಮೊಗ್ಗಿನ ಜಾಡು ಹಿಡಿದು

ಮಣಿಪಾಲದ ನಮ್ಮ ಮನೆಯ ಗುಲಾಬಿ ಎಲೆಗಳ ಅಂಚನ್ನು ಕಳೆದ ವರ್ಷ ಯಾರೋ ನಾಣ್ಯ ಇಟ್ಟು ಕತ್ತರಿಸಿದ ಹಾಗಿತ್ತು. ಹುಳ ಬಿತ್ತೆಂದು ಅಂಗಡಿಗೆ ಓಡಿ ಒಂದು ಬಾಟಲಿ ತಂದು ಹೊಡೆದೆ. ಆಮೇಲೆ ತಿಳಿಯಿತು, ಅದು ಎಲೆಕತ್ತರಿ ಜೇನಿನ ಕೆಲಸ. ಗೂಡಿಗೆ ಒಳಹಾಸು ಮಾಡಲು ಒಂದಿಷ್ಟು ಎಲೆ ಒಯ್ಯುತ್ತದೆ, ಗಿಡಕ್ಕೆ ಅದರಿಂದ ತೊಂದರೆಯೇನಿಲ್ಲ. ನಿಜವಾದ ಕಳ್ಳ ಮೊಗ್ಗಿನೊಳಗೇ ಇತ್ತು. ಅಂಚು ಕಂದಿ, ಅರಳದೆ ನಿಂತಿದ್ದ ಒಂದು ಮೊಗ್ಗನ್ನು ಬಿಳಿ ಕಾಗದದ ಮೇಲೆ ತಟ್ಟಿದಾಗ ಹುಡಿಯಂಥ ಥ್ರಿಪ್ಸ್ ಉದುರಿ ಹರಿದಾಡಿದವು.

ಈ ಕತೆಯನ್ನು ಉಡುಪಿಯ ರಥಬೀದಿಯ ಹೂವಿನವರಿಗೆ ಹೇಳಿದರೆ ಅವರು ನಕ್ಕರು. ಗುಲಾಬಿ ನಮ್ಮ ಮಳೆಗೆ ಒಗ್ಗದ ನೆಂಟ, ಹೂವಿನ ಹುಳದ ವಿಷಯ ಕೇಳುವುದಾದರೆ ಶಂಕರಪುರಕ್ಕೆ ಹೋಗಿ ಎಂದರು. ಏಪ್ರಿಲ್‌ನ ಒಂದು ಬೆಳಗ್ಗೆ ಹೊರಟೆ.

ಕಟಪಾಡಿಯಲ್ಲಿ ಹೆದ್ದಾರಿ ಬಿಟ್ಟು ಶಿರ್ವದ ಕಡೆಗೆ ತಿರುಗಿದರೆ ಶಂಕರಪುರ. 2018ರಲ್ಲಿ ಉಡುಪಿಯಿಂದ ಬೇರೆಯಾದ ಕಾಪು ತಾಲ್ಲೂಕಿಗೆ ಈಗ ಸೇರಿದ ಊರು. ಭೌಗೋಳಿಕ ಸೂಚಕ ಪಡೆದ ಉಡುಪಿ ಮಲ್ಲಿಗೆಯನ್ನು ಇಲ್ಲಿಯ ಜನ ಇಂದಿಗೂ ಶಂಕರಪುರ ಮಲ್ಲಿಗೆ ಎಂದೇ ಕರೆಯುವುದು. ದೊಡ್ಡ ತೋಟಗಳನ್ನು ನಿರೀಕ್ಷಿಸಿ ಬಂದವರಿಗೆ ನಿರಾಸೆಯೇ. ಮುರಕಲ್ಲಿನ ಪಾಗಾರದ ಒಳಗೆ, ಬಾವಿಯ ಪಕ್ಕ, ಐದೋ ಹತ್ತೋ ಸೆಂಟ್ಸ್ ಜಾಗದಲ್ಲಿ ಸೊಂಟದೆತ್ತರದ ಗಿಡಗಳು.

ನಾನು ಹೋದ ಹಿತ್ತಿಲಿನ ಬಾಯಮ್ಮ ಬೆಳಕು ಹರಿಯುವ ಮೊದಲೇ ಕೊಯ್ಲು ಮುಗಿಸಿ, ಜಗಲಿಯಲ್ಲಿ ಬಾಳೆನಾರಿಗೆ ಮೊಗ್ಗು ಕಟ್ಟುತ್ತಿದ್ದರು. 800 ಮೊಗ್ಗು ಸೇರಿದರೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ದರ ನಿತ್ಯ ಇಲ್ಲಿಯ ಕಟ್ಟೆಯಲ್ಲೇ ತೀರ್ಮಾನ. ಕಾಪುವಿನ ಮಾರಿಪೂಜೆ, ಮದುವೆ, ಕೋಲ ಬಂದರೆ ಏರುತ್ತದೆ. ಮೊಗ್ಗನ್ನು ಒಂದೊಂದಾಗಿ ಎಣಿಸಿ ಮಾರುವ ಊರಿನಲ್ಲಿ ಹುಳ ತಿಂದದ್ದೂ ಎಣಿಕೆಗೇ ಬರುತ್ತದೆ!

ಕಟ್ಟುವಾಗ ಅವರು ಪಕ್ಕಕ್ಕೆ ಹಾಕಿದ ಮೊಗ್ಗುಗಳನ್ನು ಕೇಳಿ ತೆಗೆದುಕೊಂಡೆ. ಎರಡು ಬಗೆ ಇದ್ದವು. ಕೆಲವಕ್ಕೆ ಗುಂಡನೆಯ ತೂತು, ತೂತಿನ ಬಾಯಲ್ಲಿ ಹಿಕ್ಕೆ, ನಾಲ್ಕಾರು ಮೊಗ್ಗು ಸೇರಿಸಿ ಹೆಣೆದ ನೂಲು. ಇದು ಮೊಗ್ಗುಕೊರಕ. ಒಂದು ಹುಳ ಒಂದೇ ಮೊಗ್ಗಿಗೆ ತೃಪ್ತವಾಗುವುದಿಲ್ಲ, ಗೊಂಚಲನ್ನೇ ಸವೆಸುತ್ತದೆ. ಬಾಯಮ್ಮನ ಮಾತಿನಲ್ಲಿ ಇದು ಬರೀ ‘ಪುರಿ’, ಎಂದರೆ ಹುಳ. ಕಣ್ಣಿಗೆ ಕಾಣುತ್ತದೆ, ಕೈಯಲ್ಲಿ ಕಿತ್ತು ಬೆಂಕಿಗೆ ಹಾಕುತ್ತಾರೆ.

ಇನ್ನು ಕೆಲವಕ್ಕೆ ತೂತಿಲ್ಲ. ಬುಡ ಉಬ್ಬಿ ಕೆನ್ನೀಲಿ ಬಣ್ಣಕ್ಕೆ ತಿರುಗಿದೆ. ಉಗುರಿನಿಂದ ಸೀಳಿದೆ. ಒಳಗೆ ನಸುಹಳದಿಯ ಪುಟ್ಟ ಮರಿಹುಳಗಳು. ಒಂದು ಮೈ ಬಳುಕಿಸಿ ಚಿಮ್ಮಿ ನನ್ನ ಅಂಗೈಯಿಂದ ನೆಲಕ್ಕೆ ಹಾರಿತು. ಮೊಗ್ಗುನೊಣ. ಸೊಳ್ಳೆಗಿಂತ ಸಣ್ಣ ನೊಣವೊಂದು ಮೊಗ್ಗಿನ ತುದಿಗೆ ಮೊಟ್ಟೆಯಿಡುತ್ತದೆ. ಮರಿ ಒಳಗೇ ಬೆಳೆದು, ಮೊಗ್ಗಿನೊಂದಿಗೆ ಉದುರಿಯೋ ತಾನೇ ಚಿಮ್ಮಿಯೋ ಮಣ್ಣು ಸೇರಿ ಕೋಶ ಕಟ್ಟುತ್ತದೆ. ಸುಮಾರು ಮೂರು ನಾಲ್ಕು ವಾರದಲ್ಲಿ ಮತ್ತೊಂದು ತಲೆಮಾರು. ನೊಣದ ಬದುಕು ನಾಲ್ಕೇ ದಿನ, ಮಣ್ಣಿನೊಳಗಿನ ಕೋಶದ ವಾಸ ಎರಡು ವಾರ.

ಮೊಗ್ಗಿನ ಒಳಗೆ ಕೂತದ್ದಕ್ಕೆ ಮೇಲಿನಿಂದ ಎಷ್ಟು ಹೊಡೆದರೇನು? ನೋಡಬೇಕಾದ ಜಾಗ ಗಿಡದ ಬುಡ. ಬಾಯಮ್ಮ ಉದುರಿದ ಮೊಗ್ಗುಗಳನ್ನು ದಿನವೂ ಗುಡಿಸಿ ಸುಡುಮಣ್ಣಿನ ರಾಶಿಗೆ ಸೇರಿಸುತ್ತಾರೆ. ವಾರಕ್ಕೊಮ್ಮೆ ಬುಡದ ಮಣ್ಣನ್ನು ಮೆಲ್ಲಗೆ ಕೆದಕುತ್ತಾರೆ. ಮೇಲೆ ಬಂದ ಕೋಶಗಳನ್ನು ಬಿಸಿಲು, ಇರುವೆ, ಕೋಳಿಗಳು ನೋಡಿಕೊಳ್ಳುತ್ತವೆ. ಕೋಳಿ ಬೇರನ್ನೂ ಕೆದಕುತ್ತದಲ್ಲ ಎಂದೆ. ಅದಕ್ಕೇ ಹತ್ತು ನಿಮಿಷ ಬಿಟ್ಟು ಓಡಿಸುವುದು ಎಂದರು.

ಈ ಬೆಳೆಯ ಸಂಕಟ ಇನ್ನೊಂದಿದೆ. ಭತ್ತಕ್ಕೆ ಮದ್ದು ಹೊಡೆದು ವಾರಗಟ್ಟಲೆ ಕಾಯಬಹುದು. ಮಲ್ಲಿಗೆಯನ್ನು ಕೊಯ್ಯುವುದು ದಿನಾ. ಬೆಳಗ್ಗೆ ಕೊಯ್ದದ್ದು ಸಂಜೆಗೆ ಯಾರದೋ ಮುಡಿಯಲ್ಲಿ, ದೇವಿಯ ಮೈಮೇಲೆ, ಮಗುವಿನ ಮೂಗಿನ ಪಕ್ಕದಲ್ಲಿ. ಕಾಯುವ ಅವಧಿಗೆ ಎಡೆಯೇ ಇಲ್ಲ. ಬಾಟಲಿಯ ಮೇಲಿನ ಸಣ್ಣಕ್ಷರ ಓದದೆ ಹೊಡೆಯುವವರಿಲ್ಲ ಎಂದು ನಾನು ಹೇಳಲಾರೆ. ಬಾಯಮ್ಮ ಬೇವಿನ ಎಣ್ಣೆಗೇ ನಿಂತಿದ್ದಾರೆ. ಒಂದು ಲೀಟರ್ ನೀರಿಗೆ 5 ಮಿಲಿಲೀಟರ್, ಬೆರೆಯಲು ಅಂಟುವಾಳದ ನೊರೆ, ಹೊಡೆಯುವುದು ಬಿಸಿಲು ಇಳಿದ ಮೇಲೆ. ಇದು ಪವಾಡವೇನಲ್ಲ. ಗುಡಿಸುವುದನ್ನು ಬಿಟ್ಟು ಬರೀ ಎಣ್ಣೆ ಹೊಡೆದ ವರ್ಷ ಏನೂ ಹಿಡಿಯಲಿಲ್ಲವಂತೆ.

ಶಿರ್ವ, ಬೆಳ್ಮಣ್ ದಾಟಿ ಕಾರ್ಕಳ ಮುಟ್ಟುವಾಗ ಮಧ್ಯಾಹ್ನ. ಅಲ್ಲಿಯ ಪರಿಚಿತರೊಬ್ಬರು ತಾರಸಿಯ ಮೇಲೆ ಕುಂಡಗಳಲ್ಲಿ ಮಲ್ಲಿಗೆ ಬೆಳೆಸಿದ್ದಾರೆ. ಬೂಷ್ಟು ಬಂದಿದೆ ಎಂದು ಅವರ ದೂರು. ಎಲೆಯ ಮೇಲೆ, ಎಳೆಯ ಕಾಂಡದ ಮೇಲೆ ಬಿಳಿ ಉಣ್ಣೆ ಅಂಟಿಸಿದಂತಿತ್ತು. ಬೂಷ್ಟಲ್ಲ, ಬರಿಗಣ್ಣಿಗೆ ಕಾಣದ ನುಸಿಯ ಉಪದ್ರಕ್ಕೆ ಎಲೆಯೇ ಬೆಳೆಸಿಕೊಂಡ ರೋಮ. ಕೆಳಗಿನ ಸಾಲಿನಲ್ಲಿ ಇನ್ನೊಂದು ಜಾತಿ, ಎಲೆಯ ಹಿಂದೆ ಬಲೆ ಕಟ್ಟುವ ಕೆಂಪು ನುಸಿ. ಎಲೆಯ ತುಂಬಾ ಹಳದಿ ಚುಕ್ಕೆ. ಕಾದ ಕಾಂಕ್ರೀಟಿನ ಮೇಲೆ ಇವಕ್ಕೆ ಸುಗ್ಗಿ. ಎಲೆಯ ಅಡಿಗೆ ರಭಸದಿಂದ ನೀರು ಹೊಡೆದರೆ ಅರ್ಧ ಹೋಗುತ್ತವೆ. ಜಾಸ್ತಿಯಾದರೆ ನೀರಿನಲ್ಲಿ ಕರಗುವ ಗಂಧಕ ಲೀಟರಿಗೆ 3 ಗ್ರಾಂ, ಅದೂ ಸಂಜೆ. ಉರಿಬಿಸಿಲಿನಲ್ಲಿ ಗಂಧಕ ಎಲೆಯನ್ನೇ ಸುಡುತ್ತದೆ. ಮಳೆಗಾಲದಲ್ಲಿ ಬುಡದಲ್ಲಿ ಸಾಸಿವೆ ಕಾಳಿನಂಥದ್ದು ಕಂಡರೆ ಅದು ಬೇರುಕೊಳೆ, ಅದಕ್ಕೆ ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ. ಬ್ರಹ್ಮಾವರದ ಕೃಷಿ ಸಂಶೋಧನಾ ಕೇಂದ್ರಕ್ಕೆ ಗಿಡದ ತುಂಡು ಒಯ್ದು ತೋರಿಸಿ, ಬಾಯಿಮಾತಿನ ವರ್ಣನೆ ಸಾಲದು ಎಂದೆ.

ಈ ಉಣ್ಣೆಗೆ ಯಾವ ಮದ್ದು ಎಂದು ಅವರು ಮತ್ತೆ ಕೇಳಿದರು. ಕತ್ತರಿ ಕೊಡಿ ಎಂದೆ. ಉಣ್ಣೆ ಹತ್ತಿದ ಕುಡಿಗಳನ್ನೆಲ್ಲ ಕತ್ತರಿಸಿ ಚೀಲಕ್ಕೆ ತುಂಬುವಾಗ ಅವರ ತಾಯಿ ಮೆಟ್ಟಿಲ ಮೇಲೆ ನಿಂತು ನೋಡುತ್ತಿದ್ದರು.

“ಕಾಲು ಚೆಂಡು ಹೋಯಿತು” ಎಂದರು.