ಮೊದಲು ಮಗುವಿನ ಫೈಲು, ಆಮೇಲೆ ಟಿಕೆಟ್ಟು

ಹಳೇಬೀಡಿನ ಮಗ್ಗುಲಿನ ಬಸ್ತಿಹಳ್ಳಿಯಂಥ ಊರಿನ ಮಗುವಿಗೆ ಟೈಪ್ 1 ಮಧುಮೇಹ ಇದೆ ಎಂದುಕೊಳ್ಳಿ. ತಾಲ್ಲೂಕು ಆಸ್ಪತ್ರೆಯಿಂದ ಹಾಸನದ ಹಿಮ್ಸ್‌ಗೆ, ಅಲ್ಲಿಂದ ಬೆಂಗಳೂರಿನ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಓಡಾಡಿ, ಚೀಟಿಗಳನ್ನೆಲ್ಲ ಪ್ಲಾಸ್ಟಿಕ್ ಕವರಿನಲ್ಲಿ ಕೂಡಿಟ್ಟುಕೊಂಡು, ಮನೆಯವರು ಹೇಗೋ ಒಂದು ಹದಕ್ಕೆ ಬಂದಿರುತ್ತಾರೆ. ಅಷ್ಟರಲ್ಲಿ ಅಪ್ಪನಿಗೋ ಅಮ್ಮನಿಗೋ ಹೊರದೇಶದ ಕೆಲಸ ಸಿಗುತ್ತದೆ. ನೆಂಟರಿಷ್ಟರೆಲ್ಲ ಮೊದಲು ಕೇಳುವುದು ‘ಅಲ್ಲಿ ಒಳ್ಳೆ ಡಾಕ್ಟರು ಇದ್ದಾರಾ?’ ಎಂದು. ಇರುತ್ತಾರೆ. ಆದರೆ ಆ ಡಾಕ್ಟರ ಬಾಗಿಲು ತಟ್ಟುವ ಹೊತ್ತಿಗೆ ಮಗುವಿನ ಕಾಯಿಲೆ ಅಲ್ಲಿನವರು ಓದಬಲ್ಲ ಕಾಗದವಾಗಿರಬೇಕು, ಅದರ ಖರ್ಚು ಯಾರದೆಂದು ತೀರ್ಮಾನವಾಗಿರಬೇಕು. ಇವೆರಡೂ ಹೊರಡುವ ಮುಂಚೆ, ಸಾಧ್ಯವಾದರೆ ಕೆಲಸ ಒಪ್ಪಿಕೊಳ್ಳುವ ಮುಂಚೆಯೇ, ಆಗಬೇಕಾದ ಕೆಲಸಗಳು.

ಮನೆಯಲ್ಲಿ ರೂಢಿಯಾದ ಚಿಕಿತ್ಸೆ ನಾವು ತಿಳಿದುದಕ್ಕಿಂತ ಹೆಚ್ಚಾಗಿ ಈ ನೆಲದ ಅಳತೆಗಳಿಗೆ ಅಂಟಿಕೊಂಡಿರುತ್ತದೆ. ನಮ್ಮಲ್ಲಿ ಇನ್ಸುಲಿನ್ ಬಾಟಲಿಗಳಲ್ಲಿ ಬಹಳಷ್ಟು ಮಿಲಿಲೀಟರಿಗೆ 40 ಯೂನಿಟ್‌ನವು. ಅವಕ್ಕೆ ತಕ್ಕ ಸಿರಿಂಜೂ ಬೇರೆ. ಅಮೆರಿಕ, ಇಂಗ್ಲೆಂಡ್, ಆಸ್ಟ್ರೇಲಿಯಾಗಳಲ್ಲಿ ಸಿಗುವುದು 100 ಯೂನಿಟ್‌ನದು. ಊರಿಂದ ಒಯ್ದ ಹಳೆಯ ಸಿರಿಂಜಿನಲ್ಲಿ ಅಲ್ಲಿನ ಬಾಟಲಿಯಿಂದ 10ರ ಗೆರೆಯವರೆಗೆ ಎಳೆದರೆ ಮೈಗೆ ಹೋಗುವುದು 10 ಅಲ್ಲ, 25 ಯೂನಿಟ್. ಪುಟ್ಟ ಮಗುವಿನ ಸಕ್ಕರೆ ಕುಸಿದು ಎಚ್ಚರ ತಪ್ಪಲು ಅಷ್ಟು ಸಾಕು. ಗ್ಲುಕೋಮೀಟರಿನ ಕತೆಯೂ ಹೀಗೆಯೇ. ಇಲ್ಲಿ 252 ಎಂದು ತೋರುವ ಸಕ್ಕರೆಯನ್ನು ಇಂಗ್ಲೆಂಡ್, ಕೆನಡಾ, ಆಸ್ಟ್ರೇಲಿಯಾಗಳ ಮೆಷಿನ್ 14 ಎನ್ನುತ್ತದೆ. ಅಲ್ಲಿನ ಲೆಕ್ಕವನ್ನು 18ರಿಂದ ಗುಣಿಸಿದರೆ ನಮ್ಮ ಲೆಕ್ಕ ಸಿಗುತ್ತದೆ. ಇಷ್ಟು ತಿಳಿಯದ ತಾಯಿ 14 ಕಂಡು ಲೋ ಶುಗರ್ ಎಂದು ಗಾಬರಿಬಿದ್ದು ಮಗುವಿಗೆ ಸಕ್ಕರೆ ನೀರು ಕುಡಿಸಿದರೆ ತಪ್ಪು ಆಕೆಯದಲ್ಲ. ಹೊರಡುವ ಮುಂಚೆ ಹೇಳಬೇಕಾದವರು ಹೇಳಿರಲಿಲ್ಲ, ಅಷ್ಟೆ.

ಆದ್ದರಿಂದಲೇ ನೋಡುತ್ತಿರುವ ವೈದ್ಯರಿಂದ ಇಂಗ್ಲಿಷಿನಲ್ಲಿ ಒಂದು ಪತ್ರ ಬರೆಸಿಕೊಳ್ಳಬೇಕು. ಅದರಲ್ಲಿ ಔಷಧದ ಕಂಪನಿ ಹೆಸರಿನ ಜೊತೆಗೆ ಮೂಲ ಹೆಸರೂ ಇರಲಿ; ನಮ್ಮ ಬ್ರ್ಯಾಂಡುಗಳಲ್ಲಿ ಎಷ್ಟೋ ಹೊರಗೆ ಯಾರಿಗೂ ಗೊತ್ತಿಲ್ಲ, ನಮ್ಮ ಪ್ಯಾರಸಿಟಮಾಲ್ ಅಮೆರಿಕದಲ್ಲಿ ಅಸೆಟಮಿನೋಫೆನ್. ಬಸ್ತಿಹಳ್ಳಿಯ ಪಾರ್ಶ್ವನಾಥ ಬಸದಿಯನ್ನು 1133ರಲ್ಲಿ ಬೊಪ್ಪದೇವ ತನ್ನ ತಂದೆ ಗಂಗರಾಜನ ನೆನಪಿಗೆ ಕಟ್ಟಿಸಿದ ಎಂದು ಇವತ್ತಿಗೂ ಹೇಳಬಲ್ಲೆವು. ಯಾರು, ಯಾವಾಗ, ಯಾತಕ್ಕೆ ಎಂಬುದನ್ನು ಶಾಸನ ಬರೆದಿಟ್ಟಿದೆ. ವೈದ್ಯರ ಪತ್ರಕ್ಕೂ ಅದೇ ಖಚಿತತೆ ಬೇಕು: ಕಾಯಿಲೆ ಯಾವಾಗ ಗೊತ್ತಾಯಿತು, ಯಾವ ಹೊತ್ತಿಗೆ ಎಷ್ಟು ಡೋಸು, ಯಾವ ಮದ್ದು ಮೈಗೆ ಒಗ್ಗಲಿಲ್ಲ. ‘ಅಲ್ಲಿ ಎಲ್ಲ ಟೆಸ್ಟೂ ಹೊಸದಾಗಿ ಮಾಡುತ್ತಾರೆ, ಇದೆಲ್ಲ ಯಾಕೆ?’ ಎಂಬ ಮಾತು ಅರ್ಧ ನಿಜ. ರಕ್ತಪರೀಕ್ಷೆ ಇವತ್ತಿನ ಸಕ್ಕರೆಯನ್ನು, ಹೆಚ್ಚೆಂದರೆ ಹಿಂದಿನ ಮೂರು ತಿಂಗಳ ಸರಾಸರಿಯನ್ನು ಹೇಳೀತು. ಎರಡು ವರ್ಷದ ಹಿಂದೆ ಮಗು ಐಸಿಯು ಸೇರಿದ್ದನ್ನು ಹೇಳದು. ಅದಕ್ಕಿಂತ ಮುಖ್ಯವಾದದ್ದು ನಡುವಿನ ಅವಧಿ. ತಜ್ಞರ ಅಪಾಯಿಂಟ್‌ಮೆಂಟಿಗೆ ವಾರಗಟ್ಟಲೆ ಕಾಯಬೇಕಾಗಬಹುದು. ನಮ್ಮ ಡಾಕ್ಟರ ಚೀಟಿಗೆ ಅಮೆರಿಕದ, ಇಂಗ್ಲೆಂಡಿನ ಔಷಧದಂಗಡಿಗಳು ಇನ್ಸುಲಿನ್ ಕೊಡುವುದಿಲ್ಲ. ಅಲ್ಲಿಯವರೆಗೆ ಮದ್ದು ಬರೆದುಕೊಡುವ ಸಾಮಾನ್ಯ ವೈದ್ಯರಿಗೆ ಆಧಾರ ಈ ಪತ್ರವೇ. ಲಸಿಕೆಯ ತಾಯಿ ಕಾರ್ಡನ್ನೂ ಜೊತೆಗಿಡಿ, ಶಾಲೆಯವರು ಕೇಳುತ್ತಾರೆ.

ಇನ್ನು ಖರ್ಚು. ಇದರಲ್ಲಿ ಒಂದು ದೇಶದಂತೆ ಇನ್ನೊಂದಿಲ್ಲ. ಇಂಗ್ಲೆಂಡಿಗೆ ಹೋಗುವವರು ದೀರ್ಘಾವಧಿಯ ವೀಸಾ ಜೊತೆಗೇ ಆರೋಗ್ಯ ಶುಲ್ಕ ಕಟ್ಟುತ್ತಾರೆ. 2024ರ ಫೆಬ್ರವರಿಯಲ್ಲಿ ಅದು ಮಗುವೊಂದಕ್ಕೆ ವರ್ಷಕ್ಕೆ 776 ಪೌಂಡಿಗೆ ಏರಿತು. ಕಟ್ಟಿದ ಮೇಲೆ ಹಳೆಯ ಕಾಯಿಲೆ ಎಂದು ಅಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ದೂರವಿಡುವುದಿಲ್ಲ. ಜರ್ಮನಿಯ ಸರ್ಕಾರಿ ವ್ಯವಸ್ಥೆಯ ವಿಮೆಯಲ್ಲಿ ದುಡಿಯುವವರ ಮಕ್ಕಳಿಗೆ ಬೇರೆ ಕಂತಿಲ್ಲ, ಖಾಸಗಿ ವಿಮೆಯಾದರೆ ಕಾಯಿಲೆ ನೋಡಿ ಕಂತು ಏರಿಸಬಹುದು. ಅಮೆರಿಕದಲ್ಲಿ 2010ರ ಕಾನೂನು ಹಳೆಯ ಕಾಯಿಲೆಯ ನೆಪದಲ್ಲಿ ಮಕ್ಕಳಿಗೆ ವಿಮೆ ನಿರಾಕರಿಸುವುದನ್ನು ತಡೆಯಿತು; ಆದರೂ ಕಂಪನಿಯ ವಿಮೆ ಶುರುವಾಗಲು 90 ದಿನದವರೆಗೆ ಕಾಯಿಸಲು ಅವಕಾಶವಿದೆ. ಆ ಕಂದಕವನ್ನು ಪ್ರವಾಸಿ ವಿಮೆಯಿಂದ ಮುಚ್ಚುತ್ತೇವೆ ಎಂದುಕೊಳ್ಳಬೇಡಿ, ಅಂಥ ಪಾಲಿಸಿಗಳು ಸಾಮಾನ್ಯವಾಗಿ ಹೊರಗಿಡುವುದೇ ಮೊದಲಿನಿಂದ ಇದ್ದ ಕಾಯಿಲೆಯನ್ನು. ಸಂಬಳದ ಚೌಕಾಸಿ ಮಾಡುವ ದಿನವೇ ‘ಮಗುವಿನ ವಿಮೆ ಯಾವ ತಾರೀಖಿನಿಂದ?’ ಎಂದು ಎಚ್‌ಆರ್‌ನವರನ್ನು ಕೇಳಿ, ಉತ್ತರವನ್ನು ಬರಹದಲ್ಲಿ ತೆಗೆದುಕೊಳ್ಳಬೇಕು.

‘ಕಾಯಿಲೆ ಹೇಳಿದರೆ ವೀಸಾನೇ ಸಿಗಲಿಕ್ಕಿಲ್ಲ, ಮುಚ್ಚಿಟ್ಟರಾಯಿತು’ ಎನ್ನುವವರ ಭಯವನ್ನು ತಳ್ಳಿಹಾಕುವಂತಿಲ್ಲ. ಆಸ್ಟ್ರೇಲಿಯಾ ವಲಸೆಗಾರರ ಮುಂದಿನ ಚಿಕಿತ್ಸೆಯ ಅಂದಾಜು ವೆಚ್ಚ ಹಾಕುತ್ತದೆ. ಅದು ಮಿತಿ ಮೀರಿದರೆ ವೀಸಾಕ್ಕೆ ಅಡ್ಡಿ; 2024ರ ಜುಲೈಯಲ್ಲಿ ಆ ಮಿತಿ 86,000 ಆಸ್ಟ್ರೇಲಿಯನ್ ಡಾಲರ್ ಆಯಿತು. 2008ರಲ್ಲಿ ವಿಕ್ಟೋರಿಯಾದ ಹಾರ್ಷಮ್ ಎಂಬ ಊರಿಗೆ ವೈದ್ಯರೇ ಬೇಕಾಗಿದ್ದಾಗ ಅಲ್ಲಿ ದುಡಿಯುತ್ತಿದ್ದ ಜರ್ಮನ್ ವೈದ್ಯರೊಬ್ಬರಿಗೆ, ಮಗನಿಗೆ ಡೌನ್ ಸಿಂಡ್ರೋಮ್ ಇದೆ ಎಂಬ ಕಾರಣಕ್ಕೆ, ಶಾಶ್ವತ ನೆಲೆ ನಿರಾಕರಿಸಿದರು. ಜನ ಎದ್ದು ಕೂಗಿದ ಮೇಲೆ ಸಚಿವರು ಆ ತೀರ್ಪನ್ನು ತಿರುಗಿಸಿದರು. ಕೆನಡಾ 2018ರಲ್ಲಿ ತನ್ನ ಮಿತಿಯನ್ನು ಮೂರು ಪಟ್ಟು ಏರಿಸಿತು. ಇಂಥ ಲೆಕ್ಕಾಚಾರ ಕ್ರೂರ ಎಂದೇ ನನ್ನ ಅಭಿಪ್ರಾಯ. ಆದರೂ ಮುಚ್ಚಿಟ್ಟ ಕಾಯಿಲೆ ಮಗುವಿನ ಮೇಲೇ ತಿರುಗಿ ಬೀಳುತ್ತದೆ: ಸುಳ್ಳು ಬಯಲಾದರೆ ವೀಸಾ ಹೋಗುತ್ತದೆ, ಮತ್ತು ಮುಚ್ಚಿಡುವವರು ಮೇಲೆ ಹೇಳಿದ ಪತ್ರವನ್ನು ಹೊರಗೆ ತೆಗೆಯಲಾರರು. ಹೇಳಿಕೊಂಡವರಿಗೆ ವಿನಾಯಿತಿ ಕೇಳುವ ದಾರಿಯಾದರೂ ಕೆಲವು ವೀಸಾಗಳಲ್ಲಿ ಉಳಿದಿರುತ್ತದೆ.

ಮಗುವನ್ನು ಕೆಲವು ತಿಂಗಳು ಅಜ್ಜಿ ಮನೆಯಲ್ಲಿ ಬಿಟ್ಟು ಹೋಗುವ ರೂಢಿಯೂ ಉಂಟು. ವಿಮೆ ಶುರುವಾಗುವ ತನಕವಾದರೆ ಅದು ಜಾಣ ನಿರ್ಧಾರವೇ, ಅಜ್ಜಿತಾತ ಇಂಜೆಕ್ಷನ್ ಹಾಕಲು, ಲೋ ಶುಗರ್ ಗುರುತಿಸಲು ಕಲಿತಿದ್ದರೆ ಮಾತ್ರ. ಕರೆದುಕೊಂಡೇ ಹೋಗುವವರು ಇನ್ಸುಲಿನ್ನನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು. ವಿಮಾನದ ಹೊಟ್ಟೆಯೊಳಗಿನ ಚಳಿಗೆ ಅದು ಹೆಪ್ಪುಗಟ್ಟಿ ಕೆಡಬಹುದು. ದುಬೈ, ಅಬುಧಾಬಿ ಕಡೆ ಹೊರಟ ಮನೆಯಲ್ಲಿ ಮೂರ್ಛೆರೋಗದ ಮಗುವಿದ್ದರೆ ಅದರ ಕೆಲವು ಮಾತ್ರೆಗಳು ಅಲ್ಲಿ ನಿಯಂತ್ರಿತ ಪಟ್ಟಿಯಲ್ಲಿರುತ್ತವೆ. ಅವನ್ನು ಒಯ್ಯಲು ಆ ದೇಶದ ಸರ್ಕಾರದ ಒಪ್ಪಿಗೆಯನ್ನು ಆನ್‌ಲೈನಿನಲ್ಲಿ ಮುಂಚೆಯೇ ಪಡೆಯಬೇಕು. ಅರ್ಜಿಯ ಜೊತೆ ವೈದ್ಯರ ಚೀಟಿಯನ್ನೂ ಪತ್ರವನ್ನೂ ಲಗತ್ತಿಸಬೇಕಾಗುತ್ತದೆ.