ಕೆರೆಯ ನೀರುಸಸ್ಯಗಳಲ್ಲಿ ವಾಸಿಸುವ ಸಣ್ಣ ಜೀವಿಗಳು

ಯಲಬುರ್ಗಾ ಸೀಮೆಯಂತಹ ಮಳೆ ಕಡಿಮೆಯಾದ ಪ್ರದೇಶದಲ್ಲಿ ಕೆರೆಯು ದನಕುರಿಗಳಿಗೆ ದೊಡ್ಡ ಆಧಾರ. ಹಲವು ತಿಂಗಳು ನೀರು ನಿಂತ ಕೆರೆಗಳಲ್ಲಿ ಹೈಡ್ರಿಲ್ಲಾ, ವ್ಯಾಲಿಸ್ನೇರಿಯಾ ಮುಂತಾದ ಸಸ್ಯಗಳು ನೀರಿನೊಳಗೇ ಬೆಳೆಯುವುದುಂಟು. ಇವನ್ನು ಬರಿಯ ಕಸವೆಂದು ಭಾವಿಸುವುದು ವಾಡಿಕೆ. ಆದರೆ ಮನ್ನಾರ್ ಕೊಲ್ಲಿಯ ಆಳವಿಲ್ಲದ ನೀರಿನಲ್ಲಿ ಬೆಳೆಯುವ ಕಡಲಹುಲ್ಲುಗಳಲ್ಲಿ ಹಲವು ಇದೇ ಕುಟುಂಬಕ್ಕೆ ಸೇರಿದವು. ಅಲ್ಲಿ ಸೀಗಡಿಗಳೂ ಮೀನುಮರಿಗಳೂ ಹುಲ್ಲನ್ನು ಆಶ್ರಯಿಸುವಂತೆ, ಕೆರೆಯಲ್ಲಿಯೂ ಒಂದು ಜೀವಸಮೂಹವು ಈ ಸಸ್ಯಗಳನ್ನು ನಂಬಿ ಬದುಕುವುದು.

ಎಲೆಗಳ ಮೇಲೆ ಹಿಡಿಯುವ ತೆಳುಪಾಚಿಯನ್ನು ಬಸವನಹುಳುಗಳು ಕೆರೆದು ತಿನ್ನುವುವು. ನೀರುಚಿಗಟಗಳೆಂಬ ಅತಿ ಸಣ್ಣ ಜೀವಿಗಳು ನೀರನ್ನು ಹಸಿರಾಗಿಸುವ ಸೂಕ್ಷ್ಮಪಾಚಿಯನ್ನು ಸೋಸಿ ತಿಂದು, ತಾವು ಮೀನುಮರಿಗಳಿಗೆ ಆಹಾರವಾಗುವುವು. ಜನರು ಏರೋಪ್ಲೇನ್ ಚಿಟ್ಟೆಯೆನ್ನುವ ಕೀಟದ ಮರಿಗಳು ಗಿಡಗಳ ನಡುವೆ ಹೊಂಚಿದ್ದು ಸೊಳ್ಳೆಯ ಮರಿಗಳನ್ನು ಹಿಡಿದು ತಿನ್ನುವುವು.

ಇವುಗಳಲ್ಲಿ ಅಪಾಯಕ್ಕೆ ಕಾರಣವಾಗುವುವೂ ಉಂಟು. ಸೈಕ್ಲಾಪ್ಸ್ ಎಂಬ ಸಣ್ಣ ಜೀವಿಯಿದ್ದ ನೀರನ್ನು ಸೋಸದೆ ಕುಡಿದವರಿಗೆ ಹಿಂದೆ ನಾರುಹುಣ್ಣು ತಗಲುತ್ತಿತ್ತು. ಕರ್ನಾಟಕದಲ್ಲಿಯೂ ಇದ್ದ ಆ ರೋಗವು ಬಟ್ಟೆಯಲ್ಲಿ ನೀರು ಸೋಸುವುದು, ಕೈಪಂಪುಗಳನ್ನು ಹಾಕುವುದು ಮುಂತಾದ ಕ್ರಮಗಳಿಂದ ತೊಲಗಿತು. 2000ರಲ್ಲಿ ಭಾರತವು ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆಯು ದೃಢಪಡಿಸಿತು.

ಕುರಿಗಳ ಒಡೆಯರು ಇಂದಿಗೂ ಗಮನಿಸಬೇಕಾದುದು ಯಕೃತ್ತಿನ ಚಪ್ಪಟೆಹುಳುವಿನ ರೋಗ. ರೋಗವಿರುವ ಪಶುವಿನ ಸಗಣಿ ಅಥವಾ ಹಿಕ್ಕೆಯೊಡನೆ ಈ ಹುಳುವಿನ ಮೊಟ್ಟೆಗಳು ನೀರನ್ನು ಸೇರುವುವು. ಅಲ್ಲಿ ಹೊರಟ ಮರಿಗಳು ಒಂದು ಬಗೆಯ ಬಸವನಹುಳುವಿನ ದೇಹವನ್ನು ಹೊಕ್ಕು, ಅದರೊಳಗೆ ಅನೇಕವಾಗಿ ಹೆಚ್ಚಿ, ಪುನಃ ಹೊರಬಂದು ದಡದ ಹುಲ್ಲಿಗೆ ಅಂಟಿಕೊಳ್ಳುವುವು. ಆ ಹುಲ್ಲನ್ನು ಮೇಯ್ದ ಕುರಿಯು ರಕ್ತಹೀನವಾಗಿ ಸೊರಗುವುದು. ಗದ್ದದ ಕೆಳಗೆ ನೀರುಬಾವು ಕಾಣಿಸುವುದು.

ಹೀಗಿರುವುದರಿಂದ ಸಸ್ಯಗಳನ್ನೆಲ್ಲ ಕಿತ್ತುಹಾಕುವುದೂ ಸರಿಯಲ್ಲ, ಕೆರೆಯನ್ನು ಕೇಳುವವರಿಲ್ಲದೆ ಬಿಡುವುದೂ ಸರಿಯಲ್ಲ. ದನಕುರಿಗಳು ನೀರು ಕುಡಿಯುವ ಸ್ಥಳವನ್ನೂ ಮನೆಗಳಿಗೆ ಸಮೀಪದ ಅಂಚನ್ನೂ ಶುಚಿಗೊಳಿಸಿ, ಉಳಿದ ಕಡೆ ಸಸ್ಯಗಳ ಒಂದು ಭಾಗವನ್ನು ಬಿಡತಕ್ಕದ್ದು. ಹೂಳೆತ್ತುವಾಗಲೂ ಇದೇ ಕ್ರಮವನ್ನು ಅನುಸರಿಸಿದರೆ ಉಳಿದ ಭಾಗದಿಂದ ಮೀನಿಗೆ ಬೇಕಾದ ಜೀವಿಗಳು ಮತ್ತೆ ಹರಡುವುವು. ಸಾಧ್ಯವಾದಲ್ಲಿ ತೊಟ್ಟಿಯಲ್ಲಿ ನೀರು ಕುಡಿಸುವುದು ಲೇಸು. ಬೇಸಗೆಯಲ್ಲಿ ನೀರು ಇಳಿದಂತೆ ದಡದ ಹಸಿಹುಲ್ಲು ಕುರಿಗಳನ್ನು ಸೆಳೆಯುವುದು. ಅಲ್ಲಿ ಮೇಯಿಸದಂತೆ ಊರಿನ ಹಿರಿಯರು ಕಟ್ಟುಮಾಡುವುದು ಒಳ್ಳೆಯದು. ಗದ್ದಬಾವು ಕಂಡ ಕುರಿಯನ್ನು ತಡಮಾಡದೆ ಪಶುವೈದ್ಯರಿಗೆ ತೋರಿಸಿ, ಅವರ ಸಲಹೆಯಂತೆ ಇಡೀ ಹಿಂಡಿಗೆ ಔಷಧ ಕುಡಿಸತಕ್ಕದ್ದು.